ಬುತ್ತಿ ತುಂಬಿಸುವ ಊರು

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಬೆಟ್ಟದ ಊರೊಂದು ಕಾಡನ್ನು ಕಡಿಯದೆ ಬದುಕಬಲ್ಲದೇ ಎಂಬ ಪ್ರಶ್ನೆ ಮಲೆನಾಡಿನ ಸಭೆಗಳಲ್ಲಿ ಮತ್ತೆ ಮತ್ತೆ ಏಳುತ್ತದೆ. ಕಾಡನ್ನು ಕಡಿದೂ ಬದುಕಿ, ಉಳಿಸಿಯೂ ಬದುಕಿ ನೋಡಿದ ಪುಟ್ಟ ಊರೊಂದು ಅಮೆರಿಕದಲ್ಲಿದೆ. ವರ್ಜೀನಿಯಾ ರಾಜ್ಯದ ನೈರುತ್ಯ ಮೂಲೆಯಲ್ಲಿ, ಟೆನೆಸಿ ರಾಜ್ಯದ ಗಡಿಯ ಬಳಿ ಇರುವ ಆ ಊರಿನ ಹೆಸರು ಡಮಾಸ್ಕಸ್. ಜನಸಂಖ್ಯೆ ಸುಮಾರು 800. ಮಲೆನಾಡಿನ ಒಂದು ಸಣ್ಣ ಗ್ರಾಮದಷ್ಟು. ಆದರೂ ಜಗತ್ತಿನ ಚಾರಣಿಗರಲ್ಲಿ ಈ ಊರಿನ ಹೆಸರು ಕೇಳದವರು ವಿರಳ. ಅಪಲಾಚಿಯನ್ ಬೆಟ್ಟಸಾಲಿನ ಕಾಲುದಾರಿ ಈ ಊರಿನ ಮುಖ್ಯ ಬೀದಿಯಲ್ಲಿಯೇ ಹಾದುಹೋಗುತ್ತದೆ. ಅಲ್ಲಿ ಚಾರಣಿಗ ನಿಲ್ಲುತ್ತಾನೆ, ಬುತ್ತಿ ತುಂಬಿಸಿಕೊಳ್ಳುತ್ತಾನೆ, ಮತ್ತೆ ಕಾಡಿಗೆ ಏರುತ್ತಾನೆ.

ಆ ದಾರಿಯ ಪರಿಚಯ ಮೊದಲಾಗಬೇಕು. 1921ರಲ್ಲಿ ಬೆಂಟನ್ ಮೆಕೈ ಎಂಬ ಅರಣ್ಯತಜ್ಞ ಬೆಟ್ಟಸಾಲಿನ ಉದ್ದಕ್ಕೂ ಒಂದು ಕಾಲುದಾರಿ ಇರಲಿ ಎಂಬ ಪ್ರಸ್ತಾವವನ್ನು ಪ್ರಕಟಿಸಿದ. ಸ್ವಯಂಸೇವಕರ ಶ್ರಮದಿಂದ 1937ರಲ್ಲಿ ದಾರಿ ಪೂರ್ಣಗೊಂಡಿತು. ದಕ್ಷಿಣದ ಜಾರ್ಜಿಯಾದಿಂದ ಉತ್ತರದ ಮೇನ್‌ವರೆಗೆ 14 ರಾಜ್ಯಗಳಲ್ಲಿ ಹಾಯುವ ಇದರ ಉದ್ದ ಸುಮಾರು 3,500 ಕಿಲೋಮೀಟರ್. ಸಹ್ಯಾದ್ರಿ ಸಾಲಿನ ಉದ್ದದ ಎರಡು ಪಟ್ಟಿಗೂ ಹೆಚ್ಚು. ಇದನ್ನು ಒಂದೇ ಬಾರಿಗೆ ನಡೆದು ಮುಗಿಸಿದ ಮೊದಲಿಗನೆಂದು ಹೆಸರಾದವನು 1948ರಲ್ಲಿ ಅರ್ಲ್ ಶಾಫರ್. 1955ರಲ್ಲಿ 67 ವರ್ಷದ ಎಮಾ ಗೇಟ್‌ವುಡ್ ಎಂಬ ಅಜ್ಜಿ, 11 ಮಕ್ಕಳ ತಾಯಿ, ತಾನೇ ಹೊಲಿದ ಬಟ್ಟೆಚೀಲವನ್ನು ಹೆಗಲಿಗೆ ಹಾಕಿಕೊಂಡು ಒಬ್ಬಳೇ ಇಷ್ಟು ದೂರವನ್ನೂ ನಡೆದಳು. ಇಂದು ಪೂರ್ಣ ದಾರಿಯನ್ನು ಹಿಡಿದು ಹೊರಡುವವರು ವರ್ಷಕ್ಕೆ ಸಾವಿರಾರು ಮಂದಿ. ಕೊನೆ ಮುಟ್ಟುವವರು ಸುಮಾರು ನಾಲ್ವರಲ್ಲಿ ಒಬ್ಬರು.

ಬುತ್ತಿಯ ಲೆಕ್ಕ

ಚಾರಣಿಗ ಊರಿನಲ್ಲಿ ಏಕೆ ನಿಲ್ಲುತ್ತಾನೆ ಎಂಬುದಕ್ಕೆ ಕಾರಣ ಅವನ ಚೀಲದಲ್ಲಿದೆ. ಭಾರ ಹೊತ್ತು ದಿನವಿಡೀ ಏರಿ ಇಳಿಯುವ ದೇಹಕ್ಕೆ ದಿನಕ್ಕೆ 4,000ದಿಂದ 5,000 ಕಿಲೋಕ್ಯಾಲರಿ ಬೇಕಾಗುತ್ತದೆ. ಐದು ದಿನದ ನಡಿಗೆಗೆ ಸುಮಾರು 22,500 ಎಂದು ಇಟ್ಟುಕೊಳ್ಳಬಹುದು. ಹಸಿ ಆಲೂಗೆಡ್ಡೆಯ ಒಂದು ಗ್ರಾಮಿನಲ್ಲಿ ಒಂದು ಕಿಲೋಕ್ಯಾಲರಿಯೂ ಇಲ್ಲ, ಏಕೆಂದರೆ ಅದರ ತೂಕದ ಹೆಚ್ಚಿನ ಪಾಲು ನೀರು. ಆಲೂಗೆಡ್ಡೆಯನ್ನೇ ನೆಚ್ಚಿದರೆ ಐದು ದಿನಕ್ಕೆ 28 ಕಿಲೋ ಹೊರಬೇಕಾದೀತು. ಒಣ ಅಕ್ಕಿಯಲ್ಲಿ ಗ್ರಾಮಿಗೆ ಮೂರೂವರೆ, ಶೇಂಗಾದಲ್ಲಿ ಐದೂವರೆಗೂ ಮೇಲೆ, ಎಣ್ಣೆಯಲ್ಲಿ ಒಂಬತ್ತು. ಆದುದರಿಂದಲೇ ಅವನ ಚೀಲದಲ್ಲಿ ಶೇಂಗಾಬೆಣ್ಣೆ, ಗಟ್ಟಿ ಚೀಸ್, ಓಟ್ಸ್, ಹಾಲಿನ ಪುಡಿ, ದಿಢೀರ್ ನೂಡಲ್ಸ್ ತುಂಬಿರುತ್ತವೆ. ಸರಾಸರಿ ಗ್ರಾಮಿಗೆ ಐದು ಕಿಲೋಕ್ಯಾಲರಿ ಬರುವಂತೆ ಆರಿಸಿದರೆ ಭಾರ ನಾಲ್ಕೂವರೆ ಕಿಲೋಗೆ ಇಳಿಯುತ್ತದೆ. ಹಾಗೆ ಆರಿಸಿದರೂ ಹತ್ತು ದಿನದ ಬುತ್ತಿಯನ್ನು ಒಮ್ಮೆಗೇ ಹೊರುವುದು ಕಷ್ಟ. ನಾಲ್ಕೈದು ದಿನಕ್ಕೊಮ್ಮೆ ಒಂದು ಊರು ಬೇಕೇ ಬೇಕು.

ಕಾರಿನಲ್ಲಿ ಬರುವ ಪ್ರವಾಸಿಗೆ ಊರು ಒಂದು ಆಯ್ಕೆ. ಮನಸ್ಸಾದರೆ ನಿಲ್ಲುತ್ತಾನೆ, ಇಲ್ಲವಾದರೆ ಮುಂದಿನ ಪಟ್ಟಣಕ್ಕೆ ಹೋಗುತ್ತಾನೆ. ನಡೆಯುವವನಿಗೆ ಊರು ಅಗತ್ಯ. ಅವನಿಗೆ ಬೇಕಾದದ್ದು ಕಿರಾಣಿ ಅಂಗಡಿ, ಬಿಸಿನೀರು, ಬಟ್ಟೆ ಒಗೆಯುವ ಯಂತ್ರ, ಒಂದು ಹಾಸಿಗೆ, ಒಂದು ಅಂಚೆ ಕಚೇರಿ. ಬಹುಪಾಲು ಇವೆಲ್ಲ ಊರಿನವರಿಗೂ ಬೇಕಾದುವೇ. ನಡೆಯುವವನಿಗಾಗಿ ಹೊಸ ಪೇಟೆ ಕಟ್ಟಬೇಕಾಗಿಲ್ಲ. ಇರುವ ಪೇಟೆ ಉಳಿದರೆ ಸಾಕು.

ಒಂದು ದಿನದ ತಂಗು

ದಕ್ಷಿಣದಿಂದ ಹೊರಟವನು ಸುಮಾರು 750 ಕಿಲೋಮೀಟರ್ ನಡೆದ ಬಳಿಕ ಡಮಾಸ್ಕಸ್ ತಲುಪುತ್ತಾನೆ. ಚಾರಣದ ಹಗುರ ಬೂಟುಗಳ ಆಯುಸ್ಸು ಸಾಮಾನ್ಯವಾಗಿ 500ರಿಂದ 800 ಕಿಲೋಮೀಟರ್. ಆದುದರಿಂದ ಅಟ್ಟೆ ಸವೆದ ಬೂಟಿನಲ್ಲಿಯೇ ಊರು ಸೇರುವವರು ಅನೇಕರು. ಕಾಡಿನ ಮರಗಳ ಮೇಲೆ ಕಂಡ ಬಿಳಿ ಬಣ್ಣದ ಪಟ್ಟಿಯೇ, ಎರಡು ಅಂಗುಲ ಅಗಲ, ಆರು ಅಂಗುಲ ಉದ್ದ, ಊರೊಳಗೆ ಕಂಬಗಳ ಮೇಲೆ ಕಾಣಿಸಿ ದಾರಿ ತೋರುತ್ತದೆ.

ಅಂಚೆ ಕಚೇರಿಯ ಪಾತ್ರ ಇಲ್ಲಿ ದೊಡ್ಡದು. ಊರಿನಲ್ಲಿ ವಿಳಾಸವಿಲ್ಲದವರಿಗೂ ಅಂಚೆ ತಲುಪಿಸುವ 'ಜನರಲ್ ಡೆಲಿವರಿ' ಎಂಬ ವ್ಯವಸ್ಥೆ ಅಮೆರಿಕದಲ್ಲಿದೆ. ಮನೆಯವರು ಚಾರಣಿಗನ ಹೆಸರು, ಊರಿನ ಹೆಸರು, ಅವನು ಬರಬಹುದಾದ ದಿನಾಂಕವನ್ನು ಬರೆದು ಪೆಟ್ಟಿಗೆ ಕಳುಹಿಸುತ್ತಾರೆ. ಅವನು ಗುರುತುಪತ್ರ ತೋರಿಸಿ ಬಿಡಿಸಿಕೊಳ್ಳುತ್ತಾನೆ. ತಂಗುಮನೆಗಳಲ್ಲಿ ಇನ್ನೊಂದು ಪೆಟ್ಟಿಗೆಯೂ ಇರುತ್ತದೆ. ಹೆಚ್ಚಾದ ಓಟ್ಸ್, ಬೇಸರ ಬಂದ ನೂಡಲ್ಸ್, ಅರ್ಧ ಉಳಿದ ಗ್ಯಾಸ್ ಡಬ್ಬಿಗಳನ್ನು ಅದರಲ್ಲಿ ಬಿಟ್ಟುಹೋಗಬಹುದು, ಬೇಕಾದವರು ಒಯ್ಯಬಹುದು. ಲೆಕ್ಕ ಬರೆಯುವವರಿಲ್ಲ, ಕಾಸು ಕೇಳುವವರಿಲ್ಲ.

ಊರು ಹೊರುವ ಒಂದು ಭಾರವನ್ನೂ ಇಲ್ಲಿಯೇ ಗಮನಿಸಬೇಕು. ಚಾರಣಿಗ ಕೊಂಡ ಆಹಾರದ ರಟ್ಟಿನ ಪೆಟ್ಟಿಗೆಗಳನ್ನು, ಹೊರಕವಚಗಳನ್ನು ಭಾರ ಇಳಿಸಲು ಊರಿನಲ್ಲಿಯೇ ಕಳಚಿ ಎಸೆಯುತ್ತಾನೆ. ಕಾಡಿನಲ್ಲಿ ಉಳಿದ ಹೊದಿಕೆಗಳನ್ನು ಚೀಲದಲ್ಲಿಯೇ ಹೊತ್ತು ತಂದು ಮುಂದಿನ ಊರಿನಲ್ಲಿ ಹಾಕುತ್ತಾನೆ. ಕಾಡಿಗೆ ಒಯ್ದದ್ದನ್ನು ಮರಳಿ ತರಬೇಕೆಂಬುದು ಆ ದಾರಿಯ ನಿಯಮ. ಕಾಡು ಚೊಕ್ಕಟವಾಗಿ ಉಳಿಯಬೇಕಾದರೆ ಊರಿನಲ್ಲಿ ಕಸದ ಏರ್ಪಾಡು ಗಟ್ಟಿಯಾಗಿರಬೇಕು. ಊರಿನ ಕಸದ ತೊಟ್ಟಿಯೂ ಅರಣ್ಯರಕ್ಷಣೆಯ ಒಂದು ಅಂಗ.

ಕಡಿದ ಕಾಲ, ಉಳಿಸಿದ ಕಾಲ

ಈ ಊರಿಗೆ ಡಮಾಸ್ಕಸ್ ಎಂಬ ಹೆಸರು ಬಂದದ್ದು 1886ರಲ್ಲಿ. ಜಾನ್ ಇಂಬೋಡನ್ ಎಂಬ ಮಾಜಿ ಸೇನಾಧಿಕಾರಿ, ಬೆಟ್ಟದಲ್ಲಿ ಕಬ್ಬಿಣದ ಅದಿರಿದೆ, ಸಿರಿಯಾದ ಡಮಾಸ್ಕಸ್‌ನಂತೆ ಇದೂ ಉಕ್ಕಿನ ನಗರವಾಗುತ್ತದೆ ಎಂದು ನಂಬಿದ್ದ. ಅದಿರು ಅಷ್ಟು ಸಿಗಲಿಲ್ಲ, ಮರ ಸಿಕ್ಕಿತು. 1900ರಲ್ಲಿ ರೈಲು ಬಂದಿತು, ಬೆಟ್ಟಗಳು ಬೋಳಾದವು. ಮೇಲ್ಮಣ್ಣು ಕೊಚ್ಚಿಹೋಗಿ ಹೊಳೆಗಳು ಹೂಳು ತುಂಬುವ ಸ್ಥಿತಿ ಅಪಲಾಚಿಯದ ಅನೇಕ ಕಡೆ ಉಂಟಾಯಿತು. 1904ರಲ್ಲಿ ನ್ಯೂಯಾರ್ಕ್‌ನಲ್ಲಿ ಪತ್ತೆಯಾದ ಏಷ್ಯಾ ಮೂಲದ ಶಿಲೀಂಧ್ರವೊಂದು ಸುಮಾರು 40 ವರ್ಷಗಳಲ್ಲಿ ಅಮೆರಿಕದ ಚೆಸ್ಟ್‌ನಟ್ ಮರಗಳನ್ನು ಕೋಟಿಗಟ್ಟಲೆಯಾಗಿ ಕೊಂದಿತು. ಮರ, ಕಾಯಿ, ತೊಗಟೆಗಳನ್ನು ನೆಚ್ಚಿದ್ದ ಬೆಟ್ಟದ ಜನರ ಬದುಕಿನ ಒಂದು ಆಧಾರವೇ ಕಳಚಿತು.

1911ರಲ್ಲಿ ಜಾರಿಗೆ ಬಂದ ವೀಕ್ಸ್ ಕಾಯಿದೆ, ನದಿಗಳ ಮೂಲದಲ್ಲಿರುವ ಖಾಸಗಿ ಭೂಮಿಯನ್ನು ಕೊಂಡು ಅರಣ್ಯವಾಗಿಸಲು ಕೇಂದ್ರ ಸರಕಾರಕ್ಕೆ ಅಧಿಕಾರ ನೀಡಿತು. ಕಡಿದು ಬಿಟ್ಟ ಗುಡ್ಡಗಳಲ್ಲಿ ದಶಕಗಳ ಅವಧಿಯಲ್ಲಿ ಕಾಡು ಮತ್ತೆ ಎದ್ದಿತು. ಇಂದು ಚಾರಣಿಗ ನಡೆಯುವುದು ಹೆಚ್ಚಿನ ಪಾಲು ಈ ಮರುಹುಟ್ಟಿನ ಕಾಡಿನಲ್ಲಿ. ಮರ ಹೊತ್ತ ರೈಲುಹಾದಿಯ ಸೇವೆ 1977ರಲ್ಲಿ ನಿಂತ ಮೇಲೆ, ಹಳಿ ತೆಗೆದ ಜಾಡು 1980ರ ದಶಕದಲ್ಲಿ ಸುಮಾರು 55 ಕಿಲೋಮೀಟರ್ ಉದ್ದದ ಸೈಕಲ್ ದಾರಿಯಾಯಿತು. ಅದರ ಹೆಸರು ವರ್ಜೀನಿಯಾ ಕ್ರೀಪರ್. 1987ರಿಂದ ಪ್ರತಿ ಮೇ ತಿಂಗಳಲ್ಲಿ ಚಾರಣಿಗರ ಉತ್ಸವವೂ ಆರಂಭವಾಯಿತು.

2024ರ ನೆರೆ

ಇಲ್ಲಿಗೆ ಕಥೆ ಸುಖವಾಗಿ ಮುಗಿಯುವುದಿಲ್ಲ. 2024ರ ಸೆಪ್ಟೆಂಬರ್ 27ರಂದು ಹೆಲೀನ್ ಚಂಡಮಾರುತದ ಮಳೆ ಈ ಬೆಟ್ಟಗಳ ಮೇಲೆ ಸುರಿಯಿತು. ಅದಕ್ಕೆ ಮೊದಲಿನ ದಿನಗಳ ಮಳೆಯಿಂದಲೇ ದಕ್ಷಿಣ ಅಪಲಾಚಿಯದ ಮಣ್ಣು ನೆನೆದಿತ್ತು. ಕಾಡಿನ ಮಣ್ಣು ಸಡಿಲವಾಗಿದ್ದು ನೀರನ್ನು ಹೀರುತ್ತದೆ ಎಂಬುದು ನಿಜ. ಆದರೆ ಮಣ್ಣಿನ ರಂಧ್ರಗಳೆಲ್ಲ ನೀರಿನಿಂದ ತುಂಬಿದ ಮೇಲೆ ಉಳಿದ ಮಳೆ ಹೊಳೆಗೇ ಹರಿಯಬೇಕು. ಊರೊಳಗಿನ ಹೊಳೆಗಳು ಉಕ್ಕಿ ಮನೆ, ಅಂಗಡಿಗಳಿಗೆ ನುಗ್ಗಿದವು. ಕ್ರೀಪರ್ ದಾರಿಯ ಮೇಲರ್ಧದಲ್ಲಿ, ಡಮಾಸ್ಕಸ್‌ನಿಂದ ವೈಟ್‌ಟಾಪ್‌ವರೆಗೆ, ಹಳೆಯ ರೈಲುಸೇತುವೆಗಳೂ ಜಾಡೂ ಕೊಚ್ಚಿಹೋದವು. ಪ್ರವಾಸಿಗರನ್ನು ವ್ಯಾನಿನಲ್ಲಿ ವೈಟ್‌ಟಾಪ್‌ಗೆ ಏರಿಸಿ, ಸುಮಾರು 27 ಕಿಲೋಮೀಟರ್ ಇಳಿಜಾರಿನಲ್ಲಿ ಸೈಕಲ್ ಮೇಲೆ ಇಳಿಯಲು ಬಿಡುವುದೇ ಊರಿನ ಹಲವು ಉದ್ಯಮಗಳ ಆಧಾರವಾಗಿತ್ತು. ಒಂದೇ ದಿನದಲ್ಲಿ ಆ ಆಧಾರ ಹೋಯಿತು.

ಚಾರಣಿಗರು ಮಾತ್ರ 2025ರ ವಸಂತದಲ್ಲಿ ಮತ್ತೆ ಬಂದರು. ಮೇ ತಿಂಗಳ ಉತ್ಸವವೂ ನಡೆಯಿತು. ಸೈಕಲ್ ದಾರಿಗೆ ಹತ್ತಾರು ಸೇತುವೆ ಬೇಕು. ಕಾಲುದಾರಿಗೆ ಸಾಕಾಗುವುದು ಬಹುಮಟ್ಟಿಗೆ ಗರಗಸ, ಗುದ್ದಲಿ, ಸ್ವಯಂಸೇವಕರ ಕೈ. ಇಡೀ ದಾರಿಯನ್ನು ಸುಮಾರು 30 ಸಂಘಗಳು ಹಂಚಿಕೊಂಡು ನೋಡಿಕೊಳ್ಳುತ್ತವೆ. ಬಿದ್ದ ಮರ ಕತ್ತರಿಸುವುದು, ಮಳೆನೀರು ದಾರಿಯನ್ನೇ ಕಾಲುವೆ ಮಾಡಿಕೊಳ್ಳದಂತೆ ಅಡ್ಡಕ್ಕೆ ಕಲ್ಲು ಕೂರಿಸಿ ಪಕ್ಕಕ್ಕೆ ತಿರುಗಿಸುವುದು ಅವರ ಕೆಲಸ.

ಕೇಳಬೇಕಾದ ಪ್ರಶ್ನೆಗಳು

ಅದಿರು, ಮರ, ಸೈಕಲ್: ಈ ಊರು ಮೂರು ಬಾರಿ ಒಂದೊಂದನ್ನೇ ಬಹುವಾಗಿ ನೆಚ್ಚಿತು, ಮೂರು ಬಾರಿಯೂ ಪೆಟ್ಟು ತಿಂದಿತು. ಒಂದೇ ಬೆಳೆಯನ್ನು ನೆಚ್ಚುವುದರ ಅರ್ಥವನ್ನು ಅಡಿಕೆಯ ಕೊಳೆರೋಗ, ಹಳದಿ ಎಲೆ ರೋಗ, ಎಲೆಚುಕ್ಕಿ ರೋಗಗಳನ್ನು ಕಂಡ ಮಲೆನಾಡಿಗರಿಗೆ ವಿವರಿಸಬೇಕಾಗಿಲ್ಲ. ಪ್ರವಾಸೋದ್ಯಮವೂ ಒಂದು ಏಕಬೆಳೆಯಾಗಬಹುದು ಎಂಬ ಎಚ್ಚರ ಮಾತ್ರ ಇನ್ನೂ ಸಾಲದು.

2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಒಂದೇ ವಾರಾಂತ್ಯಕ್ಕೆ ಭಾರಿ ಜನಸಂದಣಿ ಸೇರಿದ ಬಳಿಕ, ಚಾರಣಕ್ಕೆ ಆನ್‌ಲೈನ್ ನೋಂದಣಿ ಕಡ್ಡಾಯವಾಯಿತು, ದಿನಕ್ಕೆ ಇಷ್ಟೇ ಜನ ಎಂಬ ಮಿತಿಯೂ ಬಂದಿತು. ಮಿತಿ ಅಗತ್ಯ, ಆದರೆ ಸಾಲದು. ಚಾರಣದ ಹಾದಿ ತಮ್ಮೂರಿಗೆ ಬರಲಿ ಎನ್ನುವ ಗ್ರಾಮಗಳು ಮೊದಲು ಕೆಲವು ಪ್ರಶ್ನೆ ಕೇಳಬೇಕು. ಬರುವವನು ಊರಿನ ಅಕ್ಕಿ, ಬೆಲ್ಲ, ಬಾಳೆಹಣ್ಣು ಕೊಳ್ಳುತ್ತಾನೆಯೇ, ಅಥವಾ ಎಲ್ಲವನ್ನೂ ಪಟ್ಟಣದಿಂದ ತಂದು ಪೊಟ್ಟಣ ಮಾತ್ರ ಬಿಟ್ಟುಹೋಗುತ್ತಾನೆಯೇ? ಆ ಕಸವನ್ನು ಹೊರುವವರು ಯಾರು? ಮಳೆಗಾಲದ ಮೊದಲು ದಾರಿಯ ನೀರು ತಿರುಗಿಸುವವರು ಯಾರು? ಚಾರಣಿಗ ಬಾರದ ವರ್ಷದಲ್ಲಿ ಊರು ಏನನ್ನು ಉಣ್ಣುತ್ತದೆ?

ವಿದ್ಯಾರ್ಥಿಗಳು ಈ ನಾಲ್ಕು ಪ್ರಶ್ನೆಗಳಿಗೆ ತಮ್ಮ ತಮ್ಮ ಊರಿನ ಉತ್ತರವನ್ನು ಅಂಗಡಿ, ಅಂಚೆ ಕಚೇರಿ, ಗ್ರಾಮ ಪಂಚಾಯಿತಿಗಳಲ್ಲಿ ಕೇಳಿ ಬರೆದುತಂದರೆ, ಗ್ರಾಮಸಭೆಯ ಮುಂದಿಡಲು ಅದಕ್ಕಿಂತ ಒಳ್ಳೆಯ ದಾಖಲೆ ಬೇರೊಂದಿರದು.