ಕಂಪ್ಯೂಟರ್ ಉದ್ಯೋಗಿಯ ಬಿಡುವಿನ ಮಾತು

ಒಂದು ಕಸುಬಿನ ಬಗೆಗೆ ಲೋಕ ಆಡುವ ಮಾತು ಬೇರೆ. ಆ ಕಸುಬಿನವರು ಕೈತೊಳೆದು ಕುಳಿತು ತಮ್ಮೊಳಗೆ ಆಡಿಕೊಳ್ಳುವ ಮಾತು ಬೇರೆ. ಮಳೆ ಎಷ್ಟು ಸೆಂಟಿಮೀಟರು ಬಿತ್ತೆಂಬುದನ್ನು ಪತ್ರಿಕೆ ಹೇಳುತ್ತದೆ. ಆ ಮಳೆ ಯಾವ ಪೈರಿಗೆ ಒದಗಿತು, ಯಾವ ಪೈರಿಗೆ ಒದಗದೆ ಹೋಯಿತು ಎಂಬುದನ್ನು ಬದುವಿನ ಮೇಲೆ ಕುಳಿತ ರೈತ ಹೇಳುತ್ತಾನೆ. ಮೊದಲನೆಯದು ಸುದ್ದಿ, ಎರಡನೆಯದು ಅನುಭವ. ಮಾಹಿತಿ ತಂತ್ರಜ್ಞಾನದ ವಿಚಾರವಾಗಿ ನಮಗೆ ದಿನವೂ ಸುದ್ದಿ ದೊರೆಯುತ್ತಿದೆ. ಆದರೆ ಆ ಯಂತ್ರಗಳ ಮುಂದೆ ಕುಳಿತು ದುಡಿಯುವವರ ಬಿಡುವಿನ ಮಾತು ನಮ್ಮ ಕಿವಿಗೆ ಬೀಳುವುದು ಅಪರೂಪ. ಅಂಥ ಮಾತಿನ ವಿಚಾರವಾಗಿ ಈ ಹೊತ್ತು ಕೆಲವು ಸಂಗತಿಗಳನ್ನು ಕೇಳುಗರ ಮುಂದಿಡಬಯಸುತ್ತೇನೆ.

1985ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ ಬೆಂಗಳೂರಿನಲ್ಲಿ ತನ್ನ ಕೇಂದ್ರವನ್ನು ತೆರೆಯಿತು. ಅಲ್ಲಿಂದ ಈಚಿನ ನಾಲ್ಕು ದಶಕಗಳಲ್ಲಿ ಆ ನಗರದ ಮುಖವೇ ಮಾರ್ಪಟ್ಟಿದೆ. ನಮ್ಮ ಸಣ್ಣ ಊರುಗಳಲ್ಲಿಯೂ ಬೀದಿಗೊಬ್ಬರಾದರೂ ಈ ಉದ್ಯೋಗಕ್ಕೆ ಸೇರಿದವರಿದ್ದಾರೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬರ ಮಗನೂ ಅವರಲ್ಲೊಬ್ಬ. ಬೆಂಗಳೂರಿನ ಹೊರವರ್ತುಲ ರಸ್ತೆಯ ಒಂದು ಸಂಸ್ಥೆಯಲ್ಲಿ ಅವನಿಗೆ ಕೆಲಸ. ಹಬ್ಬಕ್ಕೋ ರಜೆಗೋ ಊರಿಗೆ ಬಂದಾಗ ಒಂದು ಗಳಿಗೆ ನಮ್ಮ ಮನೆಗೂ ಬರುತ್ತಾನೆ. ಅವನು ಹೇಳುವುದು ಸಿದ್ಧಾಂತವಲ್ಲ, ಕಾಫಿ ಕುಡಿಯುತ್ತ ಬಾಯಿಗೆ ಬಂದ ಅಭಿಪ್ರಾಯ. ಆದರೂ ಆ ಮಾತುಗಳನ್ನೆಲ್ಲ ಒಂದೆಡೆ ಇಟ್ಟು ನೋಡಿದಾಗ ಅವುಗಳ ನಡುವೆ ಒಂದೇ ಎಳೆ ಹರಿದಿರುವುದು ಕಾಣುತ್ತದೆ. ಲೋಕ ಯಂತ್ರದ ವೇಗವನ್ನು ಕುರಿತು ಮಾತನಾಡುತ್ತಿರುವಾಗ, ಅವನು ಮನುಷ್ಯನ ವ್ಯವಧಾನವನ್ನು ಕುರಿತು ಮಾತನಾಡುತ್ತಿದ್ದಾನೆ.

2024ರ ಜುಲೈ 19, ಶುಕ್ರವಾರದ ಸಂಗತಿಯನ್ನು ನೆನೆಯೋಣ. ಆ ಬೆಳಿಗ್ಗೆ ಲೋಕದ ಹಲವು ದೇಶಗಳಲ್ಲಿ ವಿಮಾನ ನಿಲ್ದಾಣ, ಬ್ಯಾಂಕು, ಆಸ್ಪತ್ರೆಗಳ ಗಣಕಯಂತ್ರಗಳು ನೀಲಿ ಪರದೆಯನ್ನು ತೋರಿಸಿ ಸ್ತಬ್ಧವಾದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿಯೂ ಪ್ರಯಾಣಿಕರಿಗೆ ಕೈಬರಹದ ಚೀಟಿಗಳನ್ನು ಕೊಟ್ಟು ವಿಮಾನ ಹತ್ತಿಸಬೇಕಾಯಿತು. ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ತಂತ್ರಾಂಶದ ಸಂಸ್ಥೆ ತನ್ನ ಗ್ರಾಹಕರ ಯಂತ್ರಗಳಿಗೆ ಕಳುಹಿಸಿದ ಒಂದು ಸಣ್ಣ ಪರಿಷ್ಕರಣೆಯೇ ಇದಕ್ಕೆ ಕಾರಣ. ಇಪ್ಪತ್ತು ಅಂಶಗಳನ್ನು ಮಾತ್ರ ಒದಗಿಸಿದ್ದ ಕಡೆ ತಂತ್ರಾಂಶ ಇಪ್ಪತ್ತೊಂದನೆಯದನ್ನು ಹುಡುಕಹೋಗಿ ಮುಗ್ಗರಿಸಿತು. ದೋಷಯುಕ್ತ ಪರಿಷ್ಕರಣೆ ಹೊರಗೆ ಹೋಗುತ್ತಿದ್ದುದು ಕೇವಲ 78 ನಿಮಿಷಗಳ ಕಾಲ. ಅಷ್ಟರಲ್ಲಿ, ಮೈಕ್ರೋಸಾಫ್ಟ್ ಸಂಸ್ಥೆಯ ಅಂದಾಜಿನಂತೆ, ಸುಮಾರು 85 ಲಕ್ಷ ಯಂತ್ರಗಳು ಕೆಟ್ಟಿದ್ದವು. ಕೆಡಿಸಿದ್ದು ಅಂತರಜಾಲದ ವೇಗ. ಸರಿಪಡಿಸಲು ಅಸಂಖ್ಯಾತ ಯಂತ್ರಗಳ ಬಳಿಗೆ ಮನುಷ್ಯರೇ ಹೋಗಿ, ಒಂದೊಂದನ್ನೂ ಕೈಯಾರೆ ಎಬ್ಬಿಸಬೇಕಾಯಿತು.

ಇದರ ಬಗೆಗೆ ಆ ಹುಡುಗ ಹೇಳಿದ ಮಾತು ಹೀಗಿದೆ: "ಎಲ್ಲರೂ ಕಂಪ್ಯೂಟರ್ ಕೆಟ್ಟೋಯ್ತು ಅಂದ್ರು ಸರ್. ಅದು ಹೇಳಿದ್ದನ್ನ ಹೇಳಿದ ಹಾಗೇ ಮಾಡ್ತು. ಅನ್ನ ಬೆಂದಿದೆಯಾ ಅಂತ ಅಮ್ಮ ಒಂದು ಅಗುಳು ಹಿಚುಕಿ ನೋಡ್ತಾರಲ್ಲ, ಆಮೇಲೆ ತಾನೇ ಎಲೆಗೆ ಬಡಿಸೋದು? ಅಷ್ಟು ತಾಳ್ಮೆ ಈಗ ಎಲ್ಲೂ ಇಲ್ಲ. ನಮ್ಮಲ್ಲೂ ಇಲ್ಲ." ಪರಿಷ್ಕರಣೆಯನ್ನು ಮೊದಲು ಕೆಲವೇ ಯಂತ್ರಗಳಿಗೆ ಕಳುಹಿಸಿ, ಅದರ ಪರಿಣಾಮವನ್ನು ನೋಡಿ, ಅನಂತರ ಉಳಿದವುಗಳಿಗೆ ಹಂತಹಂತವಾಗಿ ಕಳುಹಿಸುವ ಕ್ರಮವನ್ನು ಆ ಸಂಸ್ಥೆ ಈ ಬಗೆಯ ಕಡತಗಳಿಗೆ ಅಳವಡಿಸಿದ್ದು ಅನಾಹುತವಾದ ಮೇಲೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ನಮ್ಮ ಗಾದೆ ಯಂತ್ರಯುಗಕ್ಕೂ ಸಲ್ಲುತ್ತದೆ.

ಅದೇ ವರ್ಷದ ಇನ್ನೊಂದು ಸುದ್ದಿ ಇದಕ್ಕೆ ಪೂರಕವಾಗಿದೆ. ಅದು ಇಷ್ಟು ಪ್ರಚಾರ ಪಡೆಯಲಿಲ್ಲ, ಏಕೆಂದರೆ ಅಲ್ಲಿ ಅನಾಹುತ ತಪ್ಪಿಹೋಯಿತು. ಎಕ್ಸ್‌ಝೆಡ್ ಎಂಬುದೊಂದು ಉಚಿತ ತಂತ್ರಾಂಶ. ಕಡತಗಳನ್ನು ಅಡಕಗೊಳಿಸುವುದು ಅದರ ಕೆಲಸ. ಲೋಕದ ಅಸಂಖ್ಯಾತ ಯಂತ್ರಗಳು ಅದನ್ನು ನೆಚ್ಚಿಕೊಂಡಿವೆ. ಆದರೆ ಅದನ್ನು ಬಹುಕಾಲ ನೋಡಿಕೊಂಡು ಬಂದವನು ಫಿನ್ಲೆಂಡಿನ ಒಬ್ಬನೇ ತಂತ್ರಜ್ಞ, ಅದೂ ಸಂಬಳವಿಲ್ಲದೆ. ತನ್ನ ಮನಸ್ಸಿನ ಆರೋಗ್ಯ ಸರಿಯಿಲ್ಲವೆಂದೂ ಇದು ಹವ್ಯಾಸಕ್ಕಾಗಿ ಮಾಡುವ ಕೆಲಸವೆಂದೂ ಅವನು 2022ರಲ್ಲಿ ಬಹಿರಂಗವಾಗಿ ಬರೆದುಕೊಂಡಿದ್ದ. ಕೆಲಸ ಸಾಗುತ್ತಿಲ್ಲವೆಂದು ಕೆಲವರು ಅವನನ್ನು ಒತ್ತಾಯಿಸುತ್ತಿದ್ದರು. ಆ ಬಳಲಿಕೆಯ ಹೊತ್ತಿನಲ್ಲಿ ಜಿಯಾ ಟಾನ್ ಎಂಬ ಹೆಸರು ಹೊತ್ತ ಸಹಾಯಹಸ್ತವೊಂದು ಮುಂದೆ ಬಂತು. ಎರಡು ವರ್ಷಕ್ಕೂ ಮೀರಿ ವಿಶ್ವಾಸವನ್ನು ಸಂಪಾದಿಸಿ, ಕೊನೆಗೆ ತಂತ್ರಾಂಶದೊಳಗೆ ಒಂದು ಕಳ್ಳಗಿಂಡಿಯನ್ನು ಕೊರೆಯಿತು. ಅದು ಎಲ್ಲೆಡೆ ಹಬ್ಬಿದ್ದರೆ, ಅದನ್ನು ಕೊರೆದವರು ಪರರ ಯಂತ್ರಗಳೊಳಗೆ ಹೇಳದೆ ಕೇಳದೆ ಹೊಗಬಹುದಾಗಿತ್ತು.

ಅದನ್ನು ಪತ್ತೆ ಮಾಡಿದವರು ಯಾವ ಕಾವಲುಪಡೆಯವರೂ ಅಲ್ಲ. ಮೈಕ್ರೋಸಾಫ್ಟಿನಲ್ಲಿದ್ದ ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರು ಬೇರೊಂದು ಪರೀಕ್ಷೆಯಲ್ಲಿ ತೊಡಗಿದ್ದಾಗ, ಯಂತ್ರದೊಳಗೆ ಪ್ರವೇಶಿಸಲು ಎಂದಿಗಿಂತ ಅರ್ಧ ಸೆಕೆಂಡಿನಷ್ಟು ಹೆಚ್ಚು ಹೊತ್ತು ಹಿಡಿಯುತ್ತಿರುವುದನ್ನು ಗಮನಿಸಿದರು. ಗಮನಿಸಿ ಸುಮ್ಮನಾಗಲಿಲ್ಲ, ಕಾರಣವನ್ನು ಅರಸುತ್ತ ಹೋದರು. 2024ರ ಮಾರ್ಚ್ 29ರಂದು ತಾವು ಕಂಡದ್ದನ್ನು ಲೋಕಕ್ಕೆ ತಿಳಿಸಿದರು.

ಅರ್ಧ ಸೆಕೆಂಡು ಎಂದರೆ ಕಣ್ಣೆವೆ ಒಮ್ಮೆ ಮುಚ್ಚಿ ತೆರೆಯುವಷ್ಟು ಹೊತ್ತು. ಅದನ್ನು ಕಾಣಲು ಮನಸ್ಸು ಎಷ್ಟು ತಿಳಿಯಾಗಿರಬೇಕು! ಈ ಪ್ರಸಂಗವನ್ನು ವಿವರಿಸಿ ನಮ್ಮ ಹುಡುಗ ಕೇಳಿದ: "ರಾತ್ರಿ ಎರಡು ಗಂಟೆಗೆ ಫೋನ್ ಬಂದು ಎದ್ದೋನಿಗೆ, ಮಾರನೇ ದಿನ ಹತ್ತು ಮೀಟಿಂಗ್ ಇರೋನಿಗೆ ಅದು ಕಾಣಿಸ್ತಿತ್ತಾ ಸರ್?" ಯಂತ್ರಗಳು ಅಹೋರಾತ್ರಿ ನಡೆಯಬೇಕಾದ್ದರಿಂದ ಸರದಿಯ ಮೇಲೆ ಒಬ್ಬೊಬ್ಬರು ರಾತ್ರಿಯ ಕರೆಗೆ ಓಗೊಡಬೇಕಾದ ಪದ್ಧತಿ ಈ ಉದ್ಯೋಗದಲ್ಲಿದೆ. ಆ ವಾರದಲ್ಲಿ ಅವನು ನಿದ್ರೆ ಮಾಡಿದರೂ ಅದು ಕಿವಿ ತೆರೆದಿಟ್ಟುಕೊಂಡು ಮಾಡುವ ಕೋಳಿನಿದ್ರೆ.

ದುಡಿಮೆಯ ಗಂಟೆಗಳ ಬಗೆಗೆ ಈಚೆಗೆ ನಡೆದಿರುವ ವಾದವನ್ನು ಈ ಬೆಳಕಿನಲ್ಲಿ ನೋಡಬೇಕು. ದೇಶದ ತರುಣರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಇನ್ಫೋಸಿಸ್ ಸಂಸ್ಥಾಪಕರಲ್ಲೊಬ್ಬರಾದ ಶ್ರೀ ನಾರಾಯಣ ಮೂರ್ತಿಯವರು 2023ರ ಅಕ್ಟೋಬರಿನಲ್ಲಿ ಹೇಳಿದರು. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿಯನ್ನು ಹಾಕಿತ್ತು. ಮಾಹಿತಿ ತಂತ್ರಜ್ಞಾನದವರ ಮಟ್ಟಿಗೆ ಆ ಮಿತಿಯನ್ನು ಹಿಗ್ಗಿಸುವ ಪ್ರಸ್ತಾಪ 2024ರ ಜುಲೈಯಲ್ಲಿ ಬಂದಾಗ ಉದ್ಯೋಗಿಗಳ ಸಂಘದವರು ಪ್ರತಿಭಟಿಸಿದರು. ಒಂದು ಸಂಸ್ಥೆಯನ್ನು ಬರಿಗೈಯಿಂದ ಕಟ್ಟಿದವರು ತಮ್ಮ ಕನಸಿನ ಸಲುವಾಗಿ ಹಗಲಿರುಳು ದುಡಿದದ್ದು ಸುಳ್ಳಲ್ಲ. ಅವರ ಶ್ರಮವನ್ನು ಗೌರವಿಸಬೇಕು. ಆದರೆ ತನ್ನ ತೋಟಕ್ಕೆ ನೀರು ಹಾಯಿಸುವವನ ರಾತ್ರಿಗೂ ಪರರ ತೋಟಕ್ಕೆ ಹಾಯಿಸುವವನ ರಾತ್ರಿಗೂ ವ್ಯತ್ಯಾಸವಿದೆ.

ಇಂಥ ಸಂದರ್ಭದಲ್ಲಿ ನಮ್ಮಲ್ಲಿ ಕಾಯಕತತ್ತ್ವವನ್ನು ಮುಂದೆ ಮಾಡುವ ರೂಢಿಯೊಂದು ಬೆಳೆದಿದೆ. ಹಾಗೆ ಮಾಡುವವರು ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಥೆಯನ್ನು ಪೂರ್ತಿಯಾಗಿ ನೆನೆಯಬೇಕು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ತಂದಾಗ ಲಕ್ಕಮ್ಮ ಹಿಗ್ಗಲಿಲ್ಲ. ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಕಳುಹಿಸಿದಳು. ಕಾಯಕವೆಂದರೆ ಕೊನೆಯಿಲ್ಲದ ದುಡಿಮೆಯೆಂದು ಶರಣರು ಭಾವಿಸಿರಲಿಲ್ಲ. ಅದಕ್ಕೊಂದು ಅಳತೆಯಿತ್ತು. ಆ ಅಳತೆಯನ್ನು ಮೀರಿದಾಗ ಅದು ಆಸೆಯಾಗುತ್ತಿತ್ತು.

ಯಂತ್ರ ಬಂದರೆ ಬಿಡುವು ಹೆಚ್ಚುತ್ತದೆಂಬುದು ಹಳೆಯ ನಂಬಿಕೆ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಕೇನ್ಸ್ 1930ರಲ್ಲಿ ಬರೆದ ಪ್ರಬಂಧವೊಂದರಲ್ಲಿ, ನೂರು ವರ್ಷಗಳಾದ ಮೇಲೆ ಮನುಷ್ಯ ವಾರಕ್ಕೆ 15 ಗಂಟೆ ದುಡಿದರೆ ಸಾಕಾದೀತೆಂದು ಊಹಿಸಿದ್ದ. ಯಂತ್ರದ ಶಕ್ತಿ ಅವನ ಊಹೆಯನ್ನು ಎಂದೋ ಮೀರಿದೆ. ಬಿಡುವು ಮಾತ್ರ ಬಂದಿಲ್ಲ. ಉಳಿದ ಸಮಯ ಯಾರ ಪಾಲಿಗೆ ಸೇರಬೇಕೆಂಬುದನ್ನು ಯಂತ್ರ ನಿರ್ಧರಿಸುವುದಿಲ್ಲ. 2020ರ ಮಾರ್ಚಿನಲ್ಲಿ ಕೊರೋನಾ ಪಿಡುಗಿನ ಕಾರಣ ಈ ಉದ್ಯೋಗಿಗಳು ಮನೆಯಿಂದಲೇ ಕೆಲಸಕ್ಕೆ ಕುಳಿತರು. ದಾರಿಯಲ್ಲಿ ಕಳೆಯುತ್ತಿದ್ದ ಎರಡು ಮೂರು ಗಂಟೆ ಉಳಿಯಿತಲ್ಲ, ಅದನ್ನು ಏನು ಮಾಡಿದೆಯೆಂದು ನಾನು ಆ ಹುಡುಗನನ್ನು ಕೇಳಿದೆ. "ಉಳೀತು ಅಂತ ಆಫೀಸಿಗೂ ಗೊತ್ತಾಯ್ತಲ್ಲ ಸರ್, ಅಲ್ಲೂ ಎರಡು ಮೀಟಿಂಗ್ ಹಾಕಿದ್ರು" ಎಂದು ನಕ್ಕ.

ಈಗ ಕೃತಕ ಬುದ್ಧಿಮತ್ತೆಯ ಕಾಲ. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಹೊರಬಂದ ಮೇಲೆ, ಈ ತಂತ್ರ ಕೆಲಸಗಾರರನ್ನು ಉಳಿಸುತ್ತದೆಯೇ ಅಳಿಸುತ್ತದೆಯೇ ಎಂಬ ಚರ್ಚೆಗೆ ಕೊನೆಯಿಲ್ಲ. ಆ ಭಯ ಅವನಿಗೂ ಇದೆ. ಆದರೆ ಅವನ ಅಭಿಪ್ರಾಯ ಬೇರೊಂದು ದಿಕ್ಕಿನಿಂದ ಬರುತ್ತದೆ: "ಅದು ಕ್ಷಣದಲ್ಲಿ ನೂರು ಸಾಲು ಬರೆದುಕೊಡುತ್ತೆ. ನೋಡೋಕೆ ಸರಿಯಾಗೇ ಇರುತ್ತೆ. ಸರಿಯಾಗಿದೆಯಾ ಅಂತ ಓದಬೇಕಾದೋನು ನಾನು. ಬರೆಯೋ ಹೊತ್ತು ಉಳೀತು, ಓದೋ ಹೊತ್ತು ಉಳಿಯಲಿಲ್ಲ." ಹಳಗನ್ನಡದ ಓಲೆಗರಿಗಳೊಡನೆ ಒಡನಾಡಿದವರಿಗೆ ಈ ಕಷ್ಟ ಅರ್ಥವಾಗುತ್ತದೆ. ಅರ್ಥ ತಿಳಿಯದ ಲಿಪಿಕಾರನು ಮುತ್ತಿನಂಥ ಅಕ್ಷರಗಳಲ್ಲಿ ಸರಸರನೆ ಪ್ರತಿ ಮಾಡಿಬಿಡುತ್ತಾನೆ. ಅವನು ನುಸುಳಿಸಿದ ಒಂದು ಅಪಪಾಠವನ್ನು ಹಿಡಿಯಲು ಸಂಪಾದಕನು ತಿಂಗಳುಗಟ್ಟಲೆ ತಿಣುಕಬೇಕು. ಅಕ್ಷರ ಅಂದವಾದಷ್ಟೂ ತಪ್ಪು ಮರೆಯಾಗುತ್ತದೆ.

ಅವರ ಮಾತಿನೊಳಗಣ ಪದಗಳೂ ವಿಚಾರಯೋಗ್ಯವಾದವು. ಹಿಡಿದ ಯೋಜನೆ ಮುಗಿದು ಇನ್ನೊಂದು ದೊರೆಯುವವರೆಗೆ ಉದ್ಯೋಗಿ ಸಂಬಳ ಪಡೆಯುತ್ತ ಕಾದಿರುವ ಸ್ಥಿತಿಗೆ 'ಬೆಂಚು' ಎನ್ನುತ್ತಾರೆ. ನಮ್ಮ ಹಳ್ಳಿಗಳ ಅರಳಿಕಟ್ಟೆಯೂ ಕೂರುವ ಜಾಗವೇ. ಕಟ್ಟೆಯ ಮೇಲೆ ಕುಳಿತವನಿಗೆ ನೆಮ್ಮದಿ. ಬೆಂಚಿನ ಮೇಲೆ ಕುಳಿತವನಿಗೆ ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗೆ. ದುಡಿಯುವ ಮನುಷ್ಯನನ್ನು 'ರಿಸೋರ್ಸ್' ಎಂದು ಕರೆಯುತ್ತಾರೆ. ನೀರು, ಕಲ್ಲಿದ್ದಲು, ಕಬ್ಬಿಣದ ಅದಿರಿಗೂ ಅದೇ ಹೆಸರು. ಪುರಸೊತ್ತಿಲ್ಲ ಎನ್ನಬೇಕಾದಲ್ಲಿ 'ಬ್ಯಾಂಡ್‌ವಿಡ್ತ್ ಇಲ್ಲ' ಎನ್ನುತ್ತಾರೆ. ತಂತಿಯಲ್ಲಿ ಹರಿಯುವ ಮಾಹಿತಿಯ ಪ್ರಮಾಣವನ್ನು ಅಳೆಯುವ ಪದವದು. ಪುರಸೊತ್ತು, ಬಿಡುವು, ವ್ಯವಧಾನ, ಇವೆಲ್ಲ ಮನುಷ್ಯನ ಪದಗಳು. ಅವುಗಳ ಜಾಗದಲ್ಲಿ ತಂತಿಯ ಪದ ಬಂದು ಕುಳಿತಾಗ, ಆಡುವವನು ತನಗರಿವಿಲ್ಲದೆಯೇ ತನ್ನನ್ನು ಯಂತ್ರದ ಸಾಲಿಗೆ ಸೇರಿಸಿಕೊಂಡಿರುತ್ತಾನೆ.

ಇಷ್ಟು ಹೇಳಿದಾಗ ಕೆಲವು ಕೇಳುಗರಿಗೆ, ಕೈತುಂಬ ಸಂಬಳ ಪಡೆಯುವವರ ಈ ಗೋಳನ್ನು ಏಕೆ ಕೇಳಬೇಕು ಎನ್ನಿಸಬಹುದು. ಅದು ನ್ಯಾಯವಾದ ಆಕ್ಷೇಪಣೆಯೇ. ಈ ಉದ್ಯೋಗ ಎಷ್ಟೋ ಕುಟುಂಬಗಳ ಸಾಲವನ್ನು ತೀರಿಸಿದೆ, ತಂಗಿಯರನ್ನು ಓದಿಸಿದೆ, ಸೋರುವ ಮನೆಗೆ ತಾರಸಿ ಹಾಕಿಸಿದೆ. ಅವರು ಕೂರುವ ಗಾಜಿನ ಕಟ್ಟಡವನ್ನು ಒರೆಸುವ ಹೆಣ್ಣುಮಕ್ಕಳು, ಬಾಗಿಲು ಕಾಯುವವರು, ನಡುರಾತ್ರಿ ಕಾರಿನಲ್ಲಿ ಕಾದು ಕುಳಿತ ಚಾಲಕರು, ಇವರ ದಿನ ಇನ್ನೂ ದೀರ್ಘವಾದದ್ದು, ಸಂಬಳ ಬಹಳ ಕಿರಿದು. 2022ರ ಸೆಪ್ಟೆಂಬರಿನಲ್ಲಿ ಮಳೆನೀರು ನುಗ್ಗಿ ಬೆಂಗಳೂರಿನ ಆ ಭಾಗವೆಲ್ಲ ಕೆರೆಯಾದಾಗ, ಕೆಲವು ಉದ್ಯೋಗಿಗಳು ಟ್ರಾಕ್ಟರ್ ಏರಿ ಕಚೇರಿಗೆ ಹೋದ ಚಿತ್ರಗಳನ್ನು ಲೋಕವೆಲ್ಲ ನೋಡಿತು. ಆ ಟ್ರಾಕ್ಟರ್ ಓಡಿಸಿದವನನ್ನು ಯಾರೂ ಮಾತನಾಡಿಸಿದಂತೆ ತೋರಲಿಲ್ಲ. ಆದರೆ ಒಬ್ಬನ ಬಿಡುವು ಇನ್ನೊಬ್ಬನ ಬಿಡುವಿಗೆ ವೈರಿಯಲ್ಲ. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿಯನ್ನು ಕೈಗಾರಿಕೆಗಳಿಗೆ ಗೊತ್ತುಪಡಿಸಿದ್ದು 1919ರ ಅಂತರರಾಷ್ಟ್ರೀಯ ಕಾರ್ಮಿಕ ಒಡಂಬಡಿಕೆ. ಕಾರ್ಖಾನೆಯ ಕಾರ್ಮಿಕರು ಹೋರಾಡಿ ಪಡೆದ ಆ ಗಡಿ ಮುಂದೆ ಗುಮಾಸ್ತನನ್ನೂ ಕಾಪಾಡಿತು. ಅದನ್ನು ಮೇಲಿನವನು ಬಿಟ್ಟುಕೊಟ್ಟರೆ ಕೆಳಗಿನವನಿಗೆ ಅದನ್ನು ಕೇಳುವ ಧೈರ್ಯವೂ ಉಳಿಯಲಾರದು.

ಕೆಲವು ದೇಶಗಳು ಈ ಗಡಿಯನ್ನು ಹೊಸ ಕಾಲಕ್ಕೆ ತಕ್ಕಂತೆ ಮತ್ತೆ ಎಳೆಯಲು ಯತ್ನಿಸಿವೆ. ಫ್ರಾನ್ಸಿನಲ್ಲಿ 2017ರಿಂದ, ಆಸ್ಟ್ರೇಲಿಯದಲ್ಲಿ 2024ರ ಆಗಸ್ಟಿನಿಂದ, ಕೆಲಸದ ವೇಳೆ ಮುಗಿದ ಮೇಲೆ ಕಚೇರಿಯ ಸಂಪರ್ಕದಿಂದ ದೂರವಿರುವ ಹಕ್ಕನ್ನು ಕಾನೂನು ಗುರುತಿಸಿದೆ. ದೀಪವಾರಿಸಿದ ಮೇಲೆ ನೇಕಾರನು ಮಗ್ಗದಿಂದ ಏಳುತ್ತಿದ್ದ. ಈಗ ಮಗ್ಗವೇ ಅಂಗಿಯ ಜೇಬಿನಲ್ಲಿ ಕುಳಿತು ಮನೆಗೆ ಬರುತ್ತದೆ. ಆದ್ದರಿಂದಲೇ ಏಳುವುದಕ್ಕೂ ಒಂದು ಕಾನೂನು ಬೇಕಾಗಿದೆ.

ನಮ್ಮ ವಚನಕಾರರಲ್ಲಿ ನೇಯುವವರಿದ್ದರು, ದೋಣಿ ನಡೆಸುವವರಿದ್ದರು, ಚಪ್ಪಲಿ ಹೊಲಿಯುವವರಿದ್ದರು. ಅವರು ತಮ್ಮ ಕಸುಬಿನ ಪದಗಳಲ್ಲಿಯೇ ಬದುಕನ್ನು ವಿಚಾರ ಮಾಡಿದರು. ಕನ್ನಡಕ್ಕೆ ಅದರಿಂದ ಕಸುವು ಬಂತು. ಇಂದು ಕನ್ನಡನಾಡಿನ ಲಕ್ಷಾಂತರ ಮಕ್ಕಳು ತೊಡಗಿರುವ ಈ ಕಸುಬಿನೊಳಗಿಂದಲೂ ಅಂಥ ಮಾತು ಹುಟ್ಟಬೇಕಾಗಿದೆ. ಅದರಲ್ಲಿ ದುಡಿದು ಅನಂತರ ಕನ್ನಡದಲ್ಲಿ ಕಥೆ ಬರೆದ ವಸುಧೇಂದ್ರರಂಥವರು ನಮ್ಮಲ್ಲಿದ್ದಾರೆ. ಇನ್ನೂ ಹಲವರು ಬೇಕು. ಸಾಮರ್ಥ್ಯಕ್ಕೆ ಅವರಲ್ಲಿ ಕೊರತೆಯಿಲ್ಲ. ಕಾಫಿಯ ಲೋಟ ಬರಿದಾಗುವಷ್ಟರಲ್ಲಿ ಅವರು ಆಡುವ ಮಾತೇ ಅದಕ್ಕೆ ಸಾಕ್ಷಿ. ಆ ಮಾತು ಹಾಳೆಗೆ ಇಳಿಯಲು ಬೇಕಾದದ್ದು ಇನ್ನೊಂದಿಷ್ಟು ಹೊತ್ತು. ಆ ಹೊತ್ತನ್ನು ಅವರಿಗೆ ಉಳಿಸಿಕೊಡುವ ಹೊಣೆ ಅವರೊಬ್ಬರದೇ ಅಲ್ಲ, ನಮ್ಮೆಲ್ಲರದು.