ವ್ಯಾಪಾರಿಯೂ ವಿಚಾರದ ವೇಳೆಯೂ
(ನೆಕ್ರಾಜೆಯಲ್ಲಿ ಸಂಘದ ವಾರ್ಷಿಕೋತ್ಸವದ ಸಂದರ್ಭದಲ್ಲಿ ಮಾಡಿದ ಭಾಷಣ)



ಕನ್ನಡ ಸಂಘದ ವೇದಿಕೆಯಲ್ಲಿ ಸಾಹಿತ್ಯವನ್ನು ಕುರಿತೋ ಯಕ್ಷಗಾನವನ್ನು ಕುರಿತೋ ಮಾತನಾಡುವುದು ವಾಡಿಕೆ. ನಾನಿಂದು ಅಂಗಡಿಯ ವಿಷಯವನ್ನು ಎತ್ತಿಕೊಂಡಿದ್ದೇನೆ. ಇದು ಸಂಘಕ್ಕೆ ಹೊರಗಿನ ವಿಷಯವೆಂದು ತಾವು ಭಾವಿಸಬಾರದು. ನಮ್ಮಂಥ ಸಂಘಗಳ ಸ್ಮರಣ ಸಂಚಿಕೆಯ ಕೊನೆಯ ಪುಟಗಳನ್ನು ತೆರೆದು ನೋಡಿರಿ. ಅಲ್ಲಿ ಶುಭಾಶಯ ಕೋರಿದವರು ಯಾರು? ಜೀನಸಿನ ಅಂಗಡಿಯವರು, ಬಟ್ಟೆಯಂಗಡಿಯವರು, ಹೋಟೆಲಿನವರು, ಮುದ್ರಣಾಲಯದವರು. ಶಾಲೆಯ ವಾರ್ಷಿಕೋತ್ಸವಕ್ಕಾಗಲಿ, ಬಯಲಾಟಕ್ಕಾಗಲಿ, ಭಜನಾ ಮಂದಿರದ ಮಾಡಿಗಾಗಲಿ ರಶೀದಿ ಪುಸ್ತಕ ಹಿಡಿದು ನಾವು ಮೊದಲು ಹೋಗುವುದು ಇವರ ಬಾಗಿಲಿಗೆ. ಇಂಥ ಒಂದು ಅಂಗಡಿ ಮುಚ್ಚಿದರೆ ಒಬ್ಬನ ಜೀವನೋಪಾಯ ಹೋಗುವುದಷ್ಟೇ ಅಲ್ಲ. ಒಂದು ಕನ್ನಡ ಮನೆ ಊರು ಬಿಡುತ್ತದೆ, ಕನ್ನಡ ಶಾಲೆಯ ಹಾಜರಿ ಪುಸ್ತಕದಲ್ಲಿ ಎರಡು ಹೆಸರು ಕಡಿಮೆಯಾಗುತ್ತವೆ.

ನಮ್ಮ ಸಣ್ಣ ವ್ಯಾಪಾರಿಯಷ್ಟು ದುಡಿಯುವವರು ವಿರಳ. ಬೆಳಗಿನ ಮೊದಲ ಬಸ್ಸಿಗೆ ಬಾಗಿಲು ತೆರೆದರೆ ರಾತ್ರಿಯ ಕೊನೆಯ ಬಸ್ಸಿಗೆ ಮುಚ್ಚುತ್ತಾನೆ. ತೂಗುವವನೂ ಅವನೇ, ಕಟ್ಟಿಕೊಡುವವನೂ ಅವನೇ, ಕಡ ಬರೆಯುವವನೂ ಅವನೇ. ಆದರೆ ‘ಈ ಅಂಗಡಿ ಇನ್ನು ಹತ್ತು ವರುಷಕ್ಕೆ ಹೇಗಿರಬೇಕು?’ ಎಂದು ಕೇಳಿದರೆ, ‘ಅದನ್ನೆಲ್ಲ ಯೋಚಿಸಲು ಪುರುಸೊತ್ತೆಲ್ಲಿ ಸ್ವಾಮೀ?’ ಎನ್ನುತ್ತಾನೆ. ಕೈಗೆ ಕೆಲಸ ಹೆಚ್ಚಿದಷ್ಟೂ ತಲೆಗೆ ಬಿಡುವು ಕಡಿಮೆಯಾಗುತ್ತದೆ. ಕೆಲಸದ ನಡುವೆ ಮುಳುಗಿದವನಿಗೆ ಕೆಲಸ ಸಾಗುತ್ತಿರುವ ದಿಕ್ಕು ಕಾಣುವುದಿಲ್ಲ.

ಹಿರಿಯರು ಇದನ್ನು ತಿಳಿಯದವರಾಗಿರಲಿಲ್ಲ. ದೀಪಾವಳಿಯ ಅಂಗಡಿ ಪೂಜೆಯಂದು ಹಳೆಯ ಲೆಕ್ಕವನ್ನು ಮುಗಿಸಿ ಹೊಸ ಪುಸ್ತಕಕ್ಕೆ ಅರಸಿನ ಕುಂಕುಮ ಹಚ್ಚುತ್ತಿದ್ದರು. ಮುಗಿಸುವುದೆಂದರೆ ಬಂದದ್ದೆಷ್ಟು, ಹೋದದ್ದೆಷ್ಟು, ಉಳಿದದ್ದೆಷ್ಟು ಎಂದು ಕೂತು ನೋಡುವುದು. ಈಗ ಪೂಜೆಯ ಹೂವೂ ಪ್ರಸಾದವೂ ಉಳಿದಿವೆ. ಕೂತು ನೋಡುವ ಕೆಲಸ ಮಾತ್ರ ಹಲವೆಡೆ ತಪ್ಪಿದೆ. ಯಕ್ಷಗಾನದ ಮೇಳಗಳನ್ನೇ ನೋಡಿರಿ. ಪತ್ತನಾಜೆಗೆ ಗೆಜ್ಜೆ ಬಿಚ್ಚಿದರೆ ಮಳೆಗಾಲ ಕಳೆಯುವ ತನಕ ತಿರುಗಾಟವಿಲ್ಲ. ಮುಂದಿನ ತಿರುಗಾಟಕ್ಕೆ ಕಲಾವಿದರಾರು, ಪ್ರಸಂಗ ಯಾವುದು ಎಂಬುದು ಆ ಬಿಡುವಿನಲ್ಲಿ ನಿಶ್ಚಯವಾಗುತ್ತದೆ. ಆಟಿಯ ಮಳೆಗೆ ಗಿರಾಕಿ ಕಡಿಮೆಯಾದಾಗ ನಮ್ಮ ವ್ಯಾಪಾರಿ ಬೇಸರದಿಂದ ಮಳೆಯನ್ನು ನೋಡುತ್ತ ಕೂರುತ್ತಾನೆ. ಆ ತಿಂಗಳು ಅವನಿಗೆ ದೈವವೇ ಕೊಟ್ಟ ವಿಚಾರದ ತಿಂಗಳು.

ಇಂಥ ಬಿಡುವು ಏನನ್ನು ಸಾಧಿಸುತ್ತದೆ ಎಂಬುದಕ್ಕೆ ಎರಡು ನಿದರ್ಶನಗಳನ್ನು ಕೊಡುತ್ತೇನೆ.

ನಮ್ಮ ಕರಾವಳಿಯ ಪಾರಂಪಳ್ಳಿಯಿಂದ ಬೆಂಗಳೂರಿಗೆ ಹೋದ ಮಯ್ಯ ಸಹೋದರರು ೧೯೨೪ರಲ್ಲಿ ಒಂದು ಚಿಕ್ಕ ಹೋಟೆಲನ್ನು ತೆರೆದರು. ಅವರು ಅಡುಗೆ ಕೆಲಸದಿಂದಲೇ ಮೇಲೆ ಬಂದವರು. ಅವರಲ್ಲೊಬ್ಬರಾದ ಯಜ್ಞನಾರಾಯಣ ಮಯ್ಯರು ೧೯೫೧ರಲ್ಲಿ, ವ್ಯಾಪಾರ ಚೆನ್ನಾಗಿ ಸಾಗುತ್ತಿರುವಾಗಲೇ, ಯುರೋಪಿಗೆ ಪ್ರಯಾಣ ಮಾಡಿ ಅಲ್ಲಿನ ಹೋಟೆಲುಗಳು ನಡೆಯುವ ಬಗೆಯನ್ನು ಕಣ್ಣಾರೆ ಕಂಡರು. ಅಲ್ಲಿನ ತಿಂಡಿಯನ್ನು ಇಲ್ಲಿಗೆ ತರಲಿಲ್ಲ. ಅಲ್ಲಿನ ಶುಚಿತ್ವವನ್ನು ತಂದರು. ತಟ್ಟೆ ಲೋಟಗಳನ್ನು ಹಬೆಯಲ್ಲಿ ಶುದ್ಧಿ ಮಾಡುವ ಪದ್ಧತಿ ಬಂತು. ೧೯೬೦ರಲ್ಲಿ ಹೋಟೆಲಿಗೆ ಮಾವಳ್ಳಿ ಟಿಫಿನ್ ರೂಮ್ಸ್ ಎಂಬ ಹೆಸರಾಯಿತು. ೧೯೭೫ರ ತುರ್ತು ಪರಿಸ್ಥಿತಿಯ ಕಾಲದಲ್ಲಿ ತಿಂಡಿಯ ಬೆಲೆಗೆ ಸರಕಾರದ ಮಿತಿ ಬಿದ್ದು ಹೋಟೆಲು ನಷ್ಟಕ್ಕೊಳಗಾದಾಗ, ಅದೇ ಮನೆತನದವರು ಸಿದ್ಧ ಹಿಟ್ಟುಗಳನ್ನು ಪೊಟ್ಟಣ ಕಟ್ಟಿ ಮಾರುವ ಹೊಸ ದಾರಿಯನ್ನು ಹಿಡಿದರು. ಮೊದಲನೆಯ ವಿಚಾರ ಸುಖದ ಕಾಲದ್ದು, ಎರಡನೆಯದು ಕಷ್ಟ ಕಾಲದ್ದು. ಎರಡೂ ಬೇಕು. ಆದರೆ ಸುಖದಲ್ಲಿ ವಿಚಾರ ಮಾಡುವ ಅಭ್ಯಾಸವಿದ್ದವನಿಗೆ ಕಷ್ಟದಲ್ಲಿ ಬುದ್ಧಿ ಬೇಗ ಓಡುತ್ತದೆ.

ಎರಡನೆಯದು ನಮ್ಮ ತೋಟಗಳದ್ದೇ ಕಥೆ. ೧೯೭೦ರ ಆಚೀಚೆ ಅಡಿಕೆಯ ಧಾರಣೆ ಕುಸಿದು ಬೆಳೆಗಾರರು ಕಂಗೆಟ್ಟರು. ‘ಮುಂದಿನ ವರುಷ ಏರೀತು’ ಎಂದು ಕಾಯುವುದು ಸುಲಭವಾಗಿತ್ತು. ವಾರಣಾಶಿ ಸುಬ್ರಾಯ ಭಟ್ಟರೂ ಅವರ ಸಂಗಡಿಗರೂ ಬೇರೊಂದು ಪ್ರಶ್ನೆಯನ್ನು ಕೇಳಿಕೊಂಡರು: ಬೆಳೆಯುವವರು ನಾವಾಗಿರುವಾಗ, ಬೆಲೆಯ ಮಾತಿನಲ್ಲಿ ನಮಗೇಕೆ ದನಿಯಿಲ್ಲ? ಅದರ ಫಲವಾಗಿ ೧೯೭೩ರ ಜುಲಾಯಿ ೧೧ರಂದು ಕರ್ನಾಟಕ, ಕೇರಳ ಎರಡೂ ರಾಜ್ಯಗಳ ಬೆಳೆಗಾರರಿಗಾಗಿ ಕ್ಯಾಂಪ್ಕೊ ಸ್ಥಾಪನೆಯಾಯಿತು. ಅನಂತರ ಕೊಕ್ಕೋ ಬೆಳೆದವರಿಗೂ ಕೊಳ್ಳುವವರಿಲ್ಲದ ಸ್ಥಿತಿ ಬಂದಾಗ ಸಂಸ್ಥೆ ಕೊಕ್ಕೋವನ್ನೂ ಕೊಳ್ಳತೊಡಗಿತು. ೧೯೮೬ರಲ್ಲಿ ಪುತ್ತೂರಿನಲ್ಲಿ ತನ್ನದೇ ಚಾಕಲೇಟು ಕಾರ್ಖಾನೆಯನ್ನು ತೆರೆಯಿತು. ೧೯೫೬ರ ನವೆಂಬರ ೧ರಂದು ನಮ್ಮ ನಡುವೆ ಒಂದು ಗಡಿ ಬಿದ್ದಿತಷ್ಟೆ. ಕೂತು ವಿಚಾರ ಮಾಡಿದವರಿಗೆ ಆ ಗಡಿಯ ಎರಡೂ ಬದಿಗೆ ಕೈ ಚಾಚಲು ಸಾಧ್ಯವಾಯಿತು.

‘ಅವರೆಲ್ಲ ದೊಡ್ಡವರು. ನಾನು ಯುರೋಪಿಗೆ ಹೋಗುವುದುಂಟೆ?’ ಎಂದು ಯಾರಾದರೂ ಕೇಳಬಹುದು. ಯುರೋಪು ಬೇಡ, ಬದಿಯಡ್ಕಕ್ಕೆ ಹೋಗಿ. ಕಾಸರಗೋಡಿಗೆ ಹೋಗಿ. ನಿಮ್ಮಂಥದೇ ಒಂದು ಅಂಗಡಿಗೆ ಗಿರಾಕಿಯಾಗಿ ಹೊಕ್ಕು, ಸಾಮಾನನ್ನು ಹೇಗೆ ಇಟ್ಟಿದ್ದಾರೆ, ಬಂದವರನ್ನು ಹೇಗೆ ಮಾತನಾಡಿಸುತ್ತಾರೆ, ನೋಡಿ ಬನ್ನಿ. ಗಲ್ಲಾಪೆಟ್ಟಿಗೆಯ ಹಿಂದಿನಿಂದ ಕಾಣದ ಎಷ್ಟೋ ಸಂಗತಿಗಳು ಅದರ ಮುಂದೆ ನಿಂತಾಗ ಕಾಣುತ್ತವೆ.

ಹಾಗೆ ನೋಡಿ ಬಂದ ಮೇಲೆ ನಾಲ್ಕು ಪ್ರಶ್ನೆಗಳನ್ನು ಕಾಗದದ ಮೇಲೆ ಬರೆದು ಉತ್ತರಿಸಿಕೊಳ್ಳಿ. ಒಂದು: ಒಂದು ವರುಷದಿಂದ ಅಲುಗದೆ ಬಿದ್ದಿರುವ ಸಾಮಾನು ಯಾವುದು? ಶೇಕಡಾ ೧೨ರ ಬಡ್ಡಿಗೆ ತಂದ ಹತ್ತು ಸಾವಿರ ರೂಪಾಯಿ ಹಲಗೆಯ ಮೇಲೆ ಮಲಗಿದ್ದರೆ ತಿಂಗಳಿಗೆ ೧೦೦ ರೂಪಾಯಿ ಸದ್ದಿಲ್ಲದೆ ಹೋಗುತ್ತದೆ. ಎರಡು: ಕಡದ ಪುಸ್ತಕದಲ್ಲಿ ಆರು ತಿಂಗಳಿಗಿಂತ ಹಳೆಯದೆಷ್ಟು? ಮೂರು: ಗಿರಾಕಿಗಳು ಪದೇ ಪದೇ ಕೇಳಿ, ನಾವು ‘ಇಲ್ಲ’ ಎಂದು ಕಳುಹಿಸುವ ವಸ್ತು ಯಾವುದು? ನಾಲ್ಕನೆಯದು ಎಲ್ಲಕ್ಕಿಂತ ಕಠಿಣ: ನನ್ನ ಅನಂತರ ಈ ಪೀಠದಲ್ಲಿ ಕೂರುವವರು ಯಾರು?

ಮಕ್ಕಳು ಬೆಂಗಳೂರಿಗೋ ಕೊಲ್ಲಿಯ ದೇಶಗಳಿಗೋ ಹೋದರೆಂದು ನಾವು ಮರುಗುತ್ತೇವೆ. ಅಂಗಡಿಯೆಂದರೆ ಬಿಡುವಿಲ್ಲದ ದಣಿವೆಂದು ಮಗನೋ ಮಗಳೋ ಬಾಲ್ಯದಿಂದಲೂ ಕಂಡಿದ್ದರೆ, ಅವರು ಅದನ್ನು ಬಯಸುವುದಾದರೂ ಹೇಗೆ? ಮನೆಯವರನ್ನು ಬರಿಯ ತೂಕಕ್ಕೂ ಕಾವಲಿಗೂ ಕರೆಯದೆ ವಿಚಾರಕ್ಕೂ ಕರೆಯಬೇಕು. ಯಾವ ಮನೆಯಲ್ಲಿ ಮದುವೆ, ಯಾರಿಗೆ ಯಾವ ಅಕ್ಕಿ ಹಿಡಿಸುತ್ತದೆ ಎಂಬುದನ್ನು ಯಜಮಾನನಿಗಿಂತ ಯಜಮಾನಿ ಚೆನ್ನಾಗಿ ಬಲ್ಲಳು. ನಮ್ಮ ವ್ಯಾಪಾರಿಗೆ ಇನ್ನೊಂದು ಬಂಡವಾಳವೂ ಉಂಟು. ಕನ್ನಡದಲ್ಲಿ ಲೆಕ್ಕ ಬರೆದು, ತುಳುವಿನಲ್ಲಿ ಕುಶಲ ಕೇಳಿ, ಮಲಯಾಳದಲ್ಲಿ ಬೆಲೆ ಹೇಳಬಲ್ಲವನು ಅವನು. ದೂರದ ದೊಡ್ಡ ಕಂಪೆನಿಗೆ ಇದು ಸುಲಭವಾಗಿ ದಕ್ಕುವುದಿಲ್ಲ.

ಇನ್ನು ವೇಳೆಯ ಪ್ರಶ್ನೆ. ೧೯೨೮ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕಿನವರು ಪಿಗ್ಮಿ ಠೇವಣಿಯನ್ನು ಆರಂಭಿಸಿದರು. ದಿನಕ್ಕೆ ಎರಡಾಣೆಯನ್ನು ಮನೆ ಬಾಗಿಲಿಗೇ ಬಂದು ಸಂಗ್ರಹಿಸುವ ಏರ್ಪಾಡದು. ಆ ಬ್ಯಾಂಕು ೨೦೨೦ರಲ್ಲಿ ಕೆನರಾ ಬ್ಯಾಂಕಿನೊಡನೆ ವಿಲೀನವಾಯಿತು. ಆದರೆ ಆ ಪಾಠ ಉಳಿದಿದೆ. ಒಟ್ಟಿಗೆ ನೂರು ರೂಪಾಯಿ ಉಳಿಸಲಾಗದವನು ದಿನಕ್ಕೆ ಎರಡಾಣೆ ಉಳಿಸಬಲ್ಲ. ವೇಳೆಗೂ ಒಂದು ಪಿಗ್ಮಿಯಿರಲಿ. ದಿನಕ್ಕೆ ಕಾಲು ಗಂಟೆ, ತಿಂಗಳಿಗೆ ಅರ್ಧ ದಿನ, ವರುಷಕ್ಕೆ ಆಟಿಯಲ್ಲಿ ಎರಡು ದಿನ. ಆ ಹೊತ್ತಿಗೆ ಫೋನಿಗೂ ರಜೆಯಿರಲಿ.

ಸಂಘಕ್ಕೆ ನನ್ನದೊಂದು ಬಿನ್ನಹ. ವ್ಯಾಪಾರಿಗಳಲ್ಲಿಗೆ ವರುಷಕ್ಕೊಮ್ಮೆ ರಶೀದಿ ಪುಸ್ತಕದೊಡನೆ ಹೋಗುತ್ತೇವೆ. ವರುಷಕ್ಕೊಮ್ಮೆ ಬರಿಗೈಯಲ್ಲಿ ಅವರನ್ನು ಇಲ್ಲಿಗೆ ಕರೆಯೋಣ. ಆಟಿಯ ಒಂದು ಮಧ್ಯಾಹ್ನ ಸುತ್ತಣ ಹತ್ತಿಪ್ಪತ್ತು ಅಂಗಡಿಯವರು ಕನ್ನಡದಲ್ಲಿ ತಮ್ಮ ಕಷ್ಟಸುಖಗಳನ್ನು ಪರಸ್ಪರ ಹೇಳಿಕೊಳ್ಳಲಿ. ಲೆಕ್ಕಪತ್ರ ಬಲ್ಲವರೊಬ್ಬರು ಜತೆಗಿರಲಿ. ಭಾಷೆ ಸಭೆಯಲ್ಲಿ ಉಳಿದಂತೆ ಸಂತೆಯಲ್ಲೂ ಉಳಿಯಬೇಕಾದರೆ, ಸಂತೆಯಲ್ಲಿ ಕನ್ನಡ ಆಡುವವರು ಮೊದಲು ಉಳಿಯಬೇಕು.