ಶಿವ ಕುಣಿದ, ನಾವು ಶಿಳ್ಳೆ ಹೊಡೆದ್ವಿ. ಸತ್ತವನು ಯಾರು?

ಬಸವನಗುಡಿಯ ನಮ್ಮ ಮನೆಯಿಂದಲೇ ಮಾತಾಡ್ತಿದ್ದೀನಿ. ಮಧ್ಯೆ ಕುಕ್ಕರ್ ಕೂಗಿದ್ರೆ ಸ್ವಲ್ಪ ಸಹಿಸ್ಕೊಳ್ಳಿ.

ಇವತ್ತಿನ ವಿಷಯ ‘ಗರುಡ ಗಮನ ವೃಷಭ ವಾಹನ’. ಹಳೇ ಸಿನಿಮಾ ಯಾಕೆ ಈಗ ಅಂತೀರಾ? ಈ ಸಿನಿಮಾ ಬಂದಾಗ ನಾನು ಒಂದು ಎಪಿಸೋಡ್ ಮಾಡಿದ್ದೆ. ಬರೀ ಹೊಗಳಿಕೆ. ಅದರಲ್ಲಿ ಒಂದು ಮುಖ್ಯವಾದ ವಿಷಯ ಬಿಟ್ಟುಹೋಗಿತ್ತು, ಅದನ್ನ ಇವತ್ತು ಸರಿಮಾಡ್ಕೋಬೇಕು. ಕ್ಲೈಮ್ಯಾಕ್ಸ್ ಹೇಳಲ್ಲ, ಹೆದರಬೇಡಿ.

ಮೊದಲು ಸ್ವಲ್ಪ ನೆನಪು ಮಾಡ್ಕೊಳ್ಳೋಣ. 2021ರ ನವೆಂಬರ್ 19ಕ್ಕೆ ಸಿನಿಮಾ ಬಂತು. ಅಪ್ಪು ಸರ್ ಹೋಗಿ ಮೂರು ವಾರ ಆಗಿತ್ತು ಅಷ್ಟೆ. ಇಡೀ ಊರೇ ಮಂಕಾಗಿತ್ತು. ಅಂಥ ಹೊತ್ತಲ್ಲಿ ದೊಡ್ಡ ಸ್ಟಾರ್ ಇಲ್ಲದ, ಮಂಗಳೂರು ಕನ್ನಡದ ಒಂದು ರೌಡಿ ಕತೆ. ಬರೆದು, ನಿರ್ದೇಶಿಸಿ, ಶಿವನ ಪಾತ್ರ ಮಾಡಿದ್ದು ರಾಜ್ ಬಿ. ಶೆಟ್ಟಿ. ನಮಗೆ ಅವರು ಗೊತ್ತಿದ್ದಿದ್ದು 2017ರ ‘ಒಂದು ಮೊಟ್ಟೆಯ ಕಥೆ’ಯ ಪಾಪದ ಬೋಳುತಲೆ ಮೇಷ್ಟ್ರಾಗಿ. ಆ ಮೇಷ್ಟ್ರು ಇಲ್ಲಿ ಮಾತೇ ಆಡದೆ ಕೊಲ್ತಾರೆ. ಹರಿಯಾಗಿ ರಿಷಬ್ ಶೆಟ್ಟಿ, ಇವರಿಬ್ಬರ ಮಧ್ಯೆ ಸಿಕ್ಕಿಬಿದ್ದ ಇನ್ಸ್‌ಪೆಕ್ಟರ್ ಬ್ರಹ್ಮಯ್ಯನಾಗಿ ಗೋಪಾಲಕೃಷ್ಣ ದೇಶಪಾಂಡೆ. ಬ್ರಹ್ಮ, ಹರಿ, ಶಿವ. ಹೆಸರಲ್ಲೇ ಕತೆ ಇದೆ.

ವಿಮರ್ಶಕರು ಹೆಚ್ಚುಕಡಿಮೆ ಒಂದೇ ದನಿಯಲ್ಲಿ ಮೆಚ್ಚಿದ್ರು. ಪ್ರವೀಣ್ ಶ್ರೀಯಾನ್ ಕ್ಯಾಮೆರಾ, ಮಿಥುನ್ ಮುಕುಂದನ್ ಸಂಗೀತ, ಪುರಾಣವನ್ನ ಬೀದಿಗೆ ಇಳಿಸಿದ ರೀತಿ ಎಲ್ಲಕ್ಕೂ ಅಂಕ ಬಿತ್ತು. ಜನವರಿ 2022ರಲ್ಲಿ ಜೀ5ಗೆ ಬಂದಮೇಲೆ ಹೊರಗಿನವರೂ ನೋಡಿದ್ರು, ಹಿಂದಿಯ ಅನುರಾಗ್ ಕಶ್ಯಪ್ ಕೂಡ ಮೆಚ್ಚಿದ್ರು. ತಕರಾರುಗಳೂ ಇದ್ದವು. ನಿಧಾನ ಅಂದ್ರು ಕೆಲವರು. ಹೆಂಗಸರು ಎಲ್ಲಿ ಅಂತ ಕೇಳಿದ್ರು ಇನ್ನು ಕೆಲವರು. ನ್ಯಾಯವಾದ ಪ್ರಶ್ನೆ, ಹರಿಯ ತಾಯಿಯನ್ನ ಬಿಟ್ರೆ ನೆನಪಲ್ಲಿ ಉಳಿಯೋ ಹೆಣ್ಣು ಪಾತ್ರ ಇಲ್ಲ. ಮತ್ತೆ ‘ಸೋಜುಗದ ಸೂಜುಮಲ್ಲಿಗೆ’. ಮಾದಪ್ಪನ ಹಾಡನ್ನ ಹಿಂಸೆಯ ದೃಶ್ಯಕ್ಕೆ ಹಾಕಿದ್ದಾರೆ ಅಂತ ಮಹದೇಶ್ವರನ ಭಕ್ತರಲ್ಲಿ ಕೆಲವರು ಬೇಸರ ಮಾಡ್ಕೊಂಡ್ರು.

ಆ ದೃಶ್ಯ ನಿಮಗೆ ಗೊತ್ತೇ ಇರುತ್ತೆ. ಕೊಲೆ ಮಾಡಿದ ಶಿವ ಹುಲಿವೇಷದ ಹೆಜ್ಜೆ ಹಾಕ್ತಾನೆ. ಥಿಯೇಟರ್‌ನಲ್ಲಿ ಶಿಳ್ಳೆಯೋ ಶಿಳ್ಳೆ. ನಾನೂ ಹೊಡೆದೆ. ಎರಡನೇ ಸಲ ಹೋದಾಗ ಆ ದೃಶ್ಯಕ್ಕೋಸ್ಕರವೇ ಹೋಗಿದ್ದೆ. ಆಮೇಲೆ ಅದು ರೀಲ್ಸ್ ಆಯ್ತು, ವಾಟ್ಸಾಪ್ ಸ್ಟೇಟಸ್ ಆಯ್ತು.

ಈಗ ನಮ್ಮ ಮಾವನ ವಿಷಯಕ್ಕೆ ಬರ್ತೀನಿ. ಅಮ್ಮನ ತಮ್ಮ. ಚಾಮರಾಜಪೇಟೆಯಲ್ಲಿ ಎಂಬತ್ತರ ದಶಕದಿಂದ ಚಿಕ್ಕ ದಿನಸಿ ಅಂಗಡಿ ಇಟ್ಟಿದ್ದವರು. ಸಿನಿಮಾ ಜೀ5ಗೆ ಬಂದಾಗ ಮನೇಲಿ ಕೂರಿಸಿ ತೋರಿಸಿದೆ. ಆ ದೃಶ್ಯ ಬಂತು. ನಾನು ಟಿವಿ ಬಿಟ್ಟು ಮಾವನ ಮುಖ ನೋಡ್ತಿದ್ದೆ, ಏನಂತಾರೋ ಅಂತ.

ಮಾವ ಕೇಳಿದ್ದು ಒಂದೇ ಮಾತು. “ಸತ್ತೋನು ಯಾರೋ?”

ನನಗೆ ಗೊತ್ತಿರಲಿಲ್ಲ. ಮೂರನೇ ಸಲ ನೋಡ್ತಿದ್ದೀನಿ, ಅದರ ಮೇಲೆ ಎಪಿಸೋಡ್ ಬೇರೆ ಮಾಡಿದ್ದೀನಿ. ಸತ್ತವನ ಹೆಸರು ಬಾಯಿಗೆ ಬರಲಿಲ್ಲ. “ಯಾರೋ ಎದುರು ಗ್ಯಾಂಗಿನವನು ಮಾವ” ಅಂದೆ.

ಸಿನಿಮಾ ಮುಗಿದ ಮೇಲೆ ಕಾಫಿ ಕುಡೀತಾ ಮಾವ ಹೇಳಿದ್ರು. ಆಗ ವಾರವಾರ ಹುಡುಗರು ಮಾಮೂಲಿಗೆ ಬರ್ತಿದ್ರಂತೆ. ಅವರಲ್ಲಿ ಒಬ್ಬ, ಇಪ್ಪತ್ತರ ಆಸುಪಾಸಿನವನು, ಒಂದು ರಾತ್ರಿ ಕೊಲೆಯಾದ. ಮಾರನೇ ದಿನ ಬೆಳಗ್ಗೆ ಅಂಗಡಿ ಮುಂದೆ ಅವನ ತಾಯಿ. ಎರಡು ಕಟ್ಟು ಊದುಬತ್ತಿ, ಕರ್ಪೂರ ಸಾಲ ಕೊಡಿ ಅಂತ ನಿಂತಿದ್ರಂತೆ. “ಅವನು ನನ್ನ ಹತ್ರ ದುಡ್ಡು ಕಿತ್ತವನೇ ಕಣೋ. ಆದ್ರೂ ಆಯಮ್ಮನ ಲೆಕ್ಕ ನಾನು ಬರ್ಕೊಳ್ಳಲಿಲ್ಲ. ನೀವು ಶಿಳ್ಳೆ ಹೊಡೀತೀರಿ, ನಾವು ಶಟರ್ ಎಳೀತಿದ್ವಿ” ಅಂದ್ರು. ಬೈದು ಹೇಳಿದ್ದಲ್ಲ. ಸುಮ್ಮನೆ ಹೇಳಿದ್ರು.

ಹಾಗಂತ ಇಂಥ ಸಿನಿಮಾ ಬೇಡ ಅಂತ ನಾನು ಹೇಳ್ತಿಲ್ಲ. ಈ ಊರಿನ ಭೂಗತ ಲೋಕ ನಮ್ಮ ಸಿನಿಮಾಗೆ ಹೊಸದೂ ಅಲ್ಲ. 1995ರ ಉಪೇಂದ್ರ ಅವರ ‘ಓಂ’ನಲ್ಲಿ ನಿಜವಾದ ರೌಡಿಗಳೇ ತೆರೆ ಮೇಲೆ ಬಂದ್ರು, ಜನ ಮುಗಿಬಿದ್ದು ನೋಡಿದ್ರು. 2007ರ ‘ಆ ದಿನಗಳು’ ಆ ಲೋಕದಲ್ಲೇ ಇದ್ದ ಅಗ್ನಿ ಶ್ರೀಧರ್ ಅವರ ಪುಸ್ತಕದಿಂದ ಬಂತು, ಚಿತ್ರಕಥೆಗೆ ಗಿರೀಶ್ ಕಾರ್ನಾಡ್ ಕೈಜೋಡಿಸಿದ್ರು. ಅದರಲ್ಲಿ ಕೊತ್ವಾಲನನ್ನ ಮುಗಿಸೋಕೆ ಹೊರಟವರ ಭಯವೇ ನನಗೆ ಹೆಚ್ಚು ಕಂಡಿದ್ದು. ಎರಡೂ ರೌಡಿಸಂ ಸಿನಿಮಾನೇ. ಒಂದು ಮೈ ಬಿಸಿ ಮಾಡುತ್ತೆ, ಇನ್ನೊಂದು ಹೊಟ್ಟೆ ತಣ್ಣಗೆ ಮಾಡುತ್ತೆ.

‘ಗರುಡ ಗಮನ’ ಎರಡನ್ನೂ ಮಾಡೋಕೆ ನೋಡುತ್ತೆ ಅನ್ನೋದು ನನ್ನ ಈಗಿನ ಅಭಿಪ್ರಾಯ. ಮೊದಲರ್ಧ ಕುಣಿಸುತ್ತೆ. ಆಮೇಲೆ ಗೆಳೆತನದಲ್ಲಿ ಬಿರುಕು, ದುಡ್ಡು, ಅನುಮಾನ. ಕುಣಿದ ಕಾಲನ್ನೇ ನೋಡಿ ಕರುಳು ಚುರುಕ್ ಅನ್ನಿಸುತ್ತೆ. ಸಿನಿಮಾ ಲೆಕ್ಕ ಚುಕ್ತಾ ಮಾಡುತ್ತೆ. ಆದ್ರೆ ರೀಲ್ಸ್‌ನಲ್ಲಿ ಉಳಿದಿದ್ದು ಕುಣಿತ ಮಾತ್ರ. ನಾನು ಬಿ.ಕಾಂ. ಹುಡುಗ, ನನ್ನ ಭಾಷೇಲಿ ಹೇಳೋದಾದ್ರೆ, ಜಮೆ ಕಾಲಂ ಫಾರ್ವರ್ಡ್ ಆಯ್ತು, ಖರ್ಚಿನ ಕಾಲಂ ಯಾರೂ ನೋಡಲಿಲ್ಲ.

ತಪ್ಪೆಲ್ಲ ಪ್ರೇಕ್ಷಕರದ್ದೇ ಅಂತ ಕೈತೊಳ್ಕೊಳ್ಳೋಕೂ ಆಗಲ್ಲ. ಆ ದೃಶ್ಯವನ್ನ ಅಷ್ಟು ಚೆನ್ನಾಗಿ ಕಟ್ಟಿದ್ದಾರೆ, ಶಿಳ್ಳೆ ತಾನಾಗೇ ಬರುತ್ತೆ. ಕ್ಯಾಮೆರಾಗೆ ಶಿವನ ಮೇಲೆ ಪ್ರೀತಿ ಇದೆ, ಸತ್ತವನ ಮೇಲೆ ಇಲ್ಲ. ಇದನ್ನ ಹೇಳಬೇಕಾಗಿದ್ದಿದ್ದು ನಮ್ಮಂಥವರು. ನಾನು ಆವತ್ತು ಸಂಗೀತ, ಕ್ಯಾಮೆರಾ, ಪುರಾಣ ಅಂತ ಎಪಿಸೋಡ್ ಪೂರ್ತಿ ಮಾತಾಡಿದೆ. ಸತ್ತವರ ಬಗ್ಗೆ ಒಂದು ವಾಕ್ಯ ಇಲ್ಲ.

ಈಗಲೂ ನನಗೆ ಈ ಸಿನಿಮಾ ಇಷ್ಟ. ಆ ಕುಣಿತವೂ ಇಷ್ಟ. ಆದ್ರೆ ಹೋದ ತಿಂಗಳು ಮತ್ತೆ ನೋಡಿದಾಗ ಶಿಳ್ಳೆ ಬರಲಿಲ್ಲ. ಊದುಬತ್ತಿ ಕೇಳಿದ ಆಯಮ್ಮ ನೆನಪಾದ್ರು.

ನಿಮಗೊಂದು ಕೆಲಸ ಕೊಡ್ತೀನಿ. ನಿಮಗೆ ತುಂಬ ಇಷ್ಟವಾದ ರೌಡಿಸಂ ಸಿನಿಮಾ ಒಂದನ್ನ ನೆನಪು ಮಾಡ್ಕೊಳ್ಳಿ. ಅದರಲ್ಲಿ ಹೀರೋ ಕೊಂದ ಮೊದಲನೆಯವನ ಹೆಸರೇನು? ನೆನಪಾದ್ರೆ ಒಂದು ನಿಮಿಷದೊಳಗೆ ವಾಯ್ಸ್ ನೋಟ್ ಕಳಿಸಿ, ಆಗದಿದ್ರೂ ಕಳಿಸಿ. ಮುಂದಿನ ವಾರ ಕೇಳಿಸ್ತೀನಿ.

ಕುಕ್ಕರ್ ಕೂಗ್ತು. ಹೊರಡ್ತೀನಿ, ನಮಸ್ಕಾರ.